ಯಂತ್ರದ ನೆನಪಿಗೊಂದು ಕಾವಲು

ಬರೆಯುವುದನ್ನು ಕಲಿತ ದಿನದಿಂದಲೇ ಮನುಷ್ಯನಿಗೆ ಬರೆದುದನ್ನು ಉಳಿಸಿಕೊಳ್ಳುವ ಚಿಂತೆಯೂ ಗಂಟುಬಿದ್ದಿದೆ. ಓಲೆಗರಿಗೆ ಹುಳುವಿನ ಭಯ, ಕಾಗದಕ್ಕೆ ನೀರಿನ ಭಯ, ಎರಡಕ್ಕೂ ಬೆಂಕಿಯ ಭಯ. ಈ ಭಯಗಳಿಗೆಲ್ಲ ನಮ್ಮ ಹಿರಿಯರು ಕಂಡುಕೊಂಡ ಮದ್ದು ಒಂದೇ; ಅದು ಪ್ರತಿ ಮಾಡಿಡುವುದು. ಹಳಗನ್ನಡ ಕಾವ್ಯಗಳು ಇಂದು ನಮಗೆ ದೊರೆತಿರುವುದು ಕವಿಗಳ ಕೈಬರಹದಲ್ಲಲ್ಲ, ಲಿಪಿಕಾರರು ತಲೆಮಾರಿನಿಂದ ತಲೆಮಾರಿಗೆ ಎತ್ತಿ ಬರೆದ ಪ್ರತಿಗಳಲ್ಲಿ.

ಇಂದು ಬರೆಯುವವನು ಮನುಷ್ಯನೊಬ್ಬನೇ ಅಲ್ಲ. ಕೃತಕ ಬುದ್ಧಿಮತ್ತೆಯ ‘ಏಜೆಂಟ್’ ಎಂಬ ಯಂತ್ರಸಹಾಯಕವೂ ಬರೆಯುತ್ತದೆ, ತಿದ್ದುತ್ತದೆ, ಅಳಿಸುತ್ತದೆ. ಅದರ ಕಡತಗಳನ್ನು ಕ್ರಮವಾಗಿಯೂ ನಮ್ಮ ನೆನಪಿನ ಹಂಗಿಲ್ಲದೆಯೂ ಕಾಪಾಡುವುದು ಹೇಗೆ ಎಂಬುದೇ ಪ್ರಕೃತ ಲೇಖನದ ವಿಷಯ. ಇದು ವಿಜ್ಞಾನದವರ ಸಂಗತಿಯೆಂದು ಕಲಾ ವಿಭಾಗದ ಮಿತ್ರರು ಪುಟ ತಿರುವಬೇಕಾಗಿಲ್ಲ. ಗ್ರಂಥಸಂಪಾದನೆಯ ಪಾಠ ಕೇಳಿದವರಿಗೆ ಇಲ್ಲಿನ ಅರ್ಧ ವಿಷಯ ಆಗಲೇ ತಿಳಿದಿದೆ ಎಂಬುದು ಮುಂದೆ ಗೊತ್ತಾಗುವುದು.

೧. ಏಜೆಂಟಿನ ನೆನಪು ಇರುವುದೆಲ್ಲಿ?

ಪ್ರಶ್ನೆ ಕೇಳಿದರೆ ಉತ್ತರ ಕೊಡುವ ಯಂತ್ರಕ್ಕೂ ಏಜೆಂಟಿಗೂ ಒಂದು ಭೇದವಿದೆ. ಮೊದಲನೆಯದು ಮಾತಾಡುತ್ತದೆ, ಎರಡನೆಯದು ಕೆಲಸ ಮಾಡುತ್ತದೆ. ನಮ್ಮ ಗಣಕದ ಕಡತಗಳನ್ನು ತೆರೆದು ಓದುವುದು, ಹೊಸ ಕಡತ ಬರೆಯುವುದು, ಅಪ್ಪಣೆಗಳನ್ನು ನಡೆಸುವುದು, ಅಂಚೆ ನೋಡುವುದು ಮುಂತಾದ ಕೆಲಸಗಳನ್ನು ನಾವು ಅದಕ್ಕೆ ವಹಿಸಬಹುದು.

ಇದರ ಹಿಂದಿರುವ ಭಾಷಾ ಮಾದರಿಗೆ ಒಂದು ವಿಚಿತ್ರ ಸ್ವಭಾವವುಂಟು. ಒಂದು ಸಂಭಾಷಣೆ ಮುಗಿದ ಮೇಲೆ ಅದರಲ್ಲಿ ನಡೆದದ್ದು ಅದಕ್ಕೆ ತಾನಾಗಿ ನೆನಪಿರುವುದಿಲ್ಲ. ಪ್ರತಿ ಸಲವೂ ತನ್ನ ಮುಂದೆ ಇಟ್ಟ ಬರಹವನ್ನು ಓದಿಕೊಂಡು, ಅದರ ಆಧಾರದ ಮೇಲೆ ಅದು ಕೆಲಸಕ್ಕೆ ತೊಡಗುತ್ತದೆ. ಹಾಗಾದರೆ ನಿನ್ನೆಯ ಮಾತು ಇಂದು ಅದಕ್ಕೆ ತಿಳಿಯುವುದು ಹೇಗೆ? ಉತ್ತರ ಬಲು ಸರಳ: ಬರೆದಿಟ್ಟುಕೊಳ್ಳುವುದರಿಂದ. ‘ಕ್ಲಾಡ್ ಕೋಡ್’ ಎಂಬ ಏಜೆಂಟು ಕೆಲಸ ಆರಂಭಿಸುವಾಗ ‘ಕ್ಲಾಡ್ ಡಾಟ್ ಎಂಡಿ’ ಎಂಬ ಕಡತವನ್ನು ಓದಿಕೊಳ್ಳುತ್ತದೆ. ಆ ಕೆಲಸದ ನಿಯಮಗಳನ್ನು ಅದರಲ್ಲಿ ಬರೆದಿಡುವುದು ರೂಢಿ. ೨೦೨೫ರ ನವೆಂಬರಿನಲ್ಲಿ ಬೇರೊಂದು ಹೆಸರಿನಿಂದ ಹೊರಬಂದು, ೨೦೨೬ರ ಜನವರಿಯಲ್ಲಿ ‘ಓಪನ್‌ಕ್ಲಾ’ ಎಂಬ ಹೆಸರು ಪಡೆದ ಮುಕ್ತ ತಂತ್ರಾಂಶದಲ್ಲಿ ಈ ಏರ್ಪಾಡು ಇನ್ನೂ ಸ್ಪಷ್ಟ. ಅದರ ಕೆಲಸದ ಫೋಲ್ಡರಿನಲ್ಲಿ ‘ಸೋಲ್’ ಎಂಬ ಕಡತ ಏಜೆಂಟಿನ ನಡೆನುಡಿಯನ್ನೂ, ‘ಯೂಸರ್’ ಎಂಬುದು ಒಡೆಯನ ವಿವರವನ್ನೂ, ‘ಮೆಮೊರಿ’ ಎಂಬುದು ಬಹುಕಾಲ ಉಳಿಯಬೇಕಾದ ನೆನಪನ್ನೂ ಹೊತ್ತಿರುತ್ತವೆ. ಇವಲ್ಲದೆ ದಿನಕ್ಕೊಂದರಂತೆ ತಾರೀಖಿನ ಹೆಸರಿನ ದಿನಚರಿಗಳು. ಇವೆಲ್ಲವೂ ಯಾರು ಬೇಕಾದರೂ ತೆರೆದು ಓದಬಹುದಾದ ಸಾದಾ ಬರಹದ ಕಡತಗಳು.

ಇದರಿಂದ ಒಂದು ಮುಖ್ಯ ವಿಚಾರ ಹೊರಡುತ್ತದೆ. ಗಣಕ ಕೆಟ್ಟರೆ ಹೊಸ ಗಣಕ ಕೊಳ್ಳಬಹುದು. ಭಾಷಾ ಮಾದರಿಯೂ ತಂತ್ರಾಂಶವೂ ಅದೇ ದಿನ ಮತ್ತೆ ದೊರೆಯುತ್ತವೆ. ಆದರೆ ಆರು ತಿಂಗಳ ಕಾಲ ನಾವು ಹೇಳಿಕೊಟ್ಟ ಪಾಠ, ತಿದ್ದಿದ ತಪ್ಪು, ಒಪ್ಪಿದ ನಿಯಮ, ಇವು ಆ ಕಡತಗಳಲ್ಲದೆ ಪ್ರಪಂಚದಲ್ಲಿ ಇನ್ನೆಲ್ಲಿಯೂ ಇಲ್ಲ. ಅವು ಹೋದರೆ ಏಜೆಂಟು ಉಳಿಯುತ್ತದೆ, ಆದರೆ ಅದು ನಮ್ಮ ಗುರುತಿಲ್ಲದ ಹೊಸಬ.

೨. ಮೂರು ಬಗೆಯ ಕೇಡು

ಈ ಕಡತಗಳಿಗೆ ಒದಗಬಹುದಾದ ಕೇಡುಗಳನ್ನು ಮೂರಾಗಿ ವಿಂಗಡಿಸಬಹುದು.

ಮೊದಲನೆಯದು ಎಲ್ಲರೂ ಬಲ್ಲದ್ದು. ಡಿಸ್ಕ್ ಕೆಡುವುದು, ಲ್ಯಾಪ್‌ಟಾಪು ಕಳುವಾಗುವುದು, ಮಳೆಗೆ ನೆನೆಯುವುದು.

ಎರಡನೆಯದು ಏಜೆಂಟೇ ಅಳಿಸುವುದು. ೨೦೨೫ರ ಜುಲೈಯಲ್ಲಿ ‘ರೆಪ್ಲಿಟ್’ ಎಂಬ ಸಂಸ್ಥೆಯ ಏಜೆಂಟು, ಯಾವುದನ್ನೂ ಬದಲಿಸಕೂಡದೆಂದು ಒಡೆಯನು ಸ್ಪಷ್ಟವಾಗಿ ಹೇಳಿದ್ದರೂ, ಬಳಕೆಯಲ್ಲಿದ್ದ ದತ್ತಕೋಶವನ್ನು ಅಳಿಸಿಹಾಕಿತು. ಅಷ್ಟಕ್ಕೇ ನಿಲ್ಲದೆ, ಅದನ್ನು ಹಿಂದಕ್ಕೆ ಪಡೆಯುವುದು ಸಾಧ್ಯವಿಲ್ಲವೆಂದೂ ಹೇಳಿತು. ಒಡೆಯನು ತಾನೇ ಪ್ರಯತ್ನಿಸಿ ನೋಡಿದಾಗ ಅದು ಸಾಧ್ಯವಾಯಿತು. ಸಂಸ್ಥೆಯ ಮುಖ್ಯಸ್ಥರು ಬಹಿರಂಗವಾಗಿ ಕ್ಷಮೆ ಕೇಳಿದರು. ಅಳಿಸಿದ್ದಕ್ಕಿಂತಲೂ ಆಮೇಲೆ ಕೊಟ್ಟ ಹೇಳಿಕೆ ಹೆಚ್ಚು ವಿಚಾರಾರ್ಹವಾದದ್ದು. ಏನು ಉಳಿದಿದೆ, ಏನು ಹೋಗಿದೆ ಎಂಬುದಕ್ಕೆ ಏಜೆಂಟಿನ ಮಾತೊಂದೇ ಸಾಕ್ಷಿಯಾಗಲಾರದು.

ಮೂರನೆಯದು ಸದ್ದಿಲ್ಲದೆ ಕೆಡುವುದು. ಇದೇ ಎಲ್ಲಕ್ಕಿಂತ ಅಪಾಯಕರ. ಒಬ್ಬ ಇತಿಹಾಸದ ವಿದ್ಯಾರ್ಥಿ ತನ್ನ ತಾಲ್ಲೂಕಿನ ಶಾಸನಗಳ ಪಟ್ಟಿಯನ್ನು ಏಜೆಂಟಿನ ನೆರವಿನಿಂದ ಮಾಡುತ್ತಿದ್ದಾನೆಂದು ಇಟ್ಟುಕೊಳ್ಳೋಣ. ಒಂದು ರಾತ್ರಿ ಏಜೆಂಟು ಕಡತಗಳನ್ನು ‘ಓರಣಗೊಳಿಸುವಾಗ’ ಶಕವರ್ಷ ೧೦೪೩ ಎಂದಿದ್ದುದನ್ನು ಕ್ರಿ.ಶ. ೧೦೪೩ ಎಂದು ಬರೆಯಿತೆನ್ನಿ. ಶಕವರ್ಷಕ್ಕೆ ೭೮ ಕೂಡಿಸಿದರೆ ಕ್ರಿಸ್ತವರ್ಷ ಬರುವುದಷ್ಟೆ; ಅದು ೧೧೨೧ ಆಗಬೇಕಿತ್ತು. ಕಡತ ತೆರೆದು ನೋಡಿದರೆ ಎಲ್ಲವೂ ಅಚ್ಚುಕಟ್ಟಾಗಿದೆ. ಕಡತ ಕಳೆದಿಲ್ಲ, ಯಾವ ಎಚ್ಚರಿಕೆಯೂ ಬಂದಿಲ್ಲ. ಎಪ್ಪತ್ತೆಂಟು ವರ್ಷ ಮಾತ್ರ ಮಾಯವಾಗಿದೆ. ಮರುದಿನ ಏಜೆಂಟು ತಾನು ಬರೆದುದನ್ನು ತಾನೇ ಓದಿ ಪ್ರಮಾಣವೆಂದು ನಂಬುತ್ತದೆ, ಅದರ ಮೇಲೆ ಇನ್ನಷ್ಟು ಕಟ್ಟುತ್ತದೆ.

ಇದೇ ಬಗೆಯ ಇನ್ನೊಂದು ಕೇಡು ಹೊರಗಿನಿಂದ ಬರುತ್ತದೆ. ಏಜೆಂಟು ಓದುವ ಯಾವುದೋ ಪತ್ರದಲ್ಲಿ, “ಇನ್ನು ಮುಂದೆ ಹೀಗೆ ಮಾಡತಕ್ಕದ್ದು” ಎಂಬ ಕಪಟ ವಾಕ್ಯವೊಂದನ್ನು ಯಾರಾದರೂ ಅಡಗಿಸಿಟ್ಟಿದ್ದು, ಏಜೆಂಟು ಅದನ್ನು ಒಡೆಯನ ಅಪ್ಪಣೆಯೆಂದು ಭ್ರಮಿಸಿ ತನ್ನ ನೆನಪಿನ ಕಡತಕ್ಕೆ ಇಳಿಸಿಕೊಂಡರೆ, ಆ ವಿಷ ಅಲ್ಲಿಯೇ ನಿಂತುಬಿಡುತ್ತದೆ.

೩. ನಕಲು ಸಾಲದು, ಚರಿತ್ರೆ ಬೇಕು

ಮೊದಲನೆಯ ಕೇಡಿಗೆ ಬರಿಯ ನಕಲು ಸಾಕು. ಮೂರನೆಯದಕ್ಕೆ ಸಾಲದು. ಪ್ರತಿ ರಾತ್ರಿ ಹಳೆಯ ನಕಲಿನ ಮೇಲೆ ಹೊಸದನ್ನು ಹಾಕುತ್ತಾ ಹೋದರೆ, ಕೆಟ್ಟ ಕಡತದ ನಕಲೂ ಕೆಟ್ಟದ್ದೇ ಆಗುತ್ತದೆ. ಶಾಸನದ ತಪ್ಪು ತಿಳಿದುಬರುವ ಹೊತ್ತಿಗೆ ಸರಿಯಾದ ಪಾಠ ಎಲ್ಲಿಯೂ ಉಳಿದಿರುವುದಿಲ್ಲ.

ಗ್ರಂಥಸಂಪಾದಕರು ಏನು ಮಾಡುತ್ತಾರೆ? ಸಿಕ್ಕಿದ ಪ್ರತಿಗಳನ್ನೆಲ್ಲ ಮುಂದಿಟ್ಟುಕೊಂಡು, ಸಾಲಿಗೆ ಸಾಲು ಹೋಲಿಸಿ, ಎಲ್ಲಿ ಯಾವ ಅಕ್ಷರ ಬೇರೆಯಾಗಿದೆ ಎಂಬುದನ್ನು ಪಾಠಾಂತರವಾಗಿ ಪುಟದ ಅಡಿಯಲ್ಲಿ ಕೊಡುತ್ತಾರೆ. ಒಂದು ಪಾಠವನ್ನು ಒಪ್ಪಿದರೂ ಉಳಿದವನ್ನು ಎಸೆಯುವುದಿಲ್ಲ. ಮುಂದಿನವರು ಪರಿಶೀಲಿಸಲೆಂದು ಉಳಿಸುತ್ತಾರೆ. ಗಣಕದ ಲೋಕದಲ್ಲಿ ಇದೇ ಕೆಲಸಕ್ಕೆ ‘ಆವೃತ್ತಿ ನಿಯಂತ್ರಣ’ ಎಂದು ಹೆಸರು. ಒಂದು ಭೇದವೆಂದರೆ, ಗ್ರಂಥಸಂಪಾದಕನು ಪ್ರತಿಗಳ ವಂಶಾವಳಿಯನ್ನು ಊಹಿಸಿ ಕಟ್ಟಬೇಕು. ಇಲ್ಲಿ ಅದು ಆಯಾ ಕ್ಷಣದಲ್ಲಿಯೇ ದಾಖಲಾಗುತ್ತದೆ.

ಇದರ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳಬಹುದು. ೧೯೭೨ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಮಾರ್ಕ್ ರೋಚ್‌ಕೈಂಡ್ ಎಂಬವರು ‘ಎಸ್.ಸಿ.ಸಿ.ಎಸ್.’ ಎಂಬ ಮೊದಲ ವ್ಯವಸ್ಥೆಯನ್ನು ರಚಿಸಿದರು. ೧೯೮೦ರ ದಶಕದ ಆದಿಯಲ್ಲಿ ಪರ್ಡ್ಯೂ ವಿಶ್ವವಿದ್ಯಾನಿಲಯದಲ್ಲಿದ್ದ ವಾಲ್ಟರ್ ಟಿಚಿಯವರ ‘ಆರ್.ಸಿ.ಎಸ್.’ ಬಂದಿತು. ಇಂದು ಬಹುಮಟ್ಟಿಗೆ ಎಲ್ಲೆಡೆಯಲ್ಲಿಯೂ ಬಳಕೆಯಲ್ಲಿರುವ ‘ಗಿಟ್’ ಅನ್ನು ಲಿನಸ್ ಟೋರ್ವಾಲ್ಡ್ಸ್ ೨೦೦೫ರ ಏಪ್ರಿಲಿನಲ್ಲಿ ಬರೆದರು. ಲಿನಕ್ಸಿನ ಕೆಲಸಕ್ಕೆ ಬಳಸುತ್ತಿದ್ದ ಬೇರೊಂದು ವ್ಯವಸ್ಥೆಯ ಉಚಿತ ಪರವಾನಗಿ ನಿಂತುಹೋದದ್ದೇ ಅದಕ್ಕೆ ಕಾರಣ.

ಗಿಟ್ಟಿನ ತತ್ತ್ವವನ್ನು ಹೀಗೆ ತಿಳಿಯಬಹುದು. ನಾವು ‘ಕಮಿಟ್’ ಎಂದಾಗಲೆಲ್ಲ ಅದು ಇಡೀ ಫೋಲ್ಡರಿನ ಆ ಕ್ಷಣದ ಚಿತ್ರವನ್ನು ತನ್ನ ಭಂಡಾರದಲ್ಲಿ ಇಡುತ್ತದೆ. ಜತೆಗೆ ತಾರೀಖು, ಮಾಡಿದವರ ಹೆಸರು, ಒಂದು ಸಾಲಿನ ಒಕ್ಕಣೆ. ಬದಲಾಗದ ಕಡತವನ್ನು ಮತ್ತೆ ಕೂಡಿಡುವುದಿಲ್ಲವಾದ್ದರಿಂದ ಜಾಗ ಹೆಚ್ಚು ಬೇಕಾಗುವುದಿಲ್ಲ. ಪ್ರತಿಯೊಂದು ಕಮಿಟ್ಟಿಗೂ ಅದರ ಒಳಗಿನ ವಿಷಯವನ್ನೇ ಲೆಕ್ಕ ಹಾಕಿ ಪಡೆದ ೪೦ ಅಕ್ಷರಗಳ ಗುರುತು ಇರುವುದು ರೂಢಿ. ಹಿಂದಿನ ಕಮಿಟ್ಟಿನ ಗುರುತೂ ಈ ಲೆಕ್ಕದಲ್ಲಿ ಸೇರಿರುತ್ತದೆ. ಆದ್ದರಿಂದ ಹಳೆಯದೊಂದನ್ನು ಗುಟ್ಟಾಗಿ ತಿದ್ದಿದರೆ ಮುಂದಿನ ಗುರುತುಗಳೆಲ್ಲ ಬದಲಾಗಿ ಕಳ್ಳತನ ಹೊರಬೀಳುತ್ತದೆ. ‘ಗಿಟ್ ಡಿಫ್’ ಎಂದರೆ ಎರಡು ದಿನಗಳ ನಡುವಿನ ಪಾಠಾಂತರ ಕಾಣುತ್ತದೆ. ‘ಗಿಟ್ ಲಾಗ್’ ಎಂದರೆ ವಂಶಾವಳಿ ಕಾಣುತ್ತದೆ. ‘ಗಿಟ್ ಬ್ಲೇಮ್’ ಎಂದರೆ ಯಾವ ಸಾಲು ಯಾವಾಗ ಯಾರಿಂದ ಬಂದಿತೆಂದು ಕಾಣುತ್ತದೆ. ನಮ್ಮ ವಿದ್ಯಾರ್ಥಿಯು ಶಾಸನದ ಕಡತವನ್ನು ಹೀಗೆ ಇಟ್ಟಿದ್ದರೆ, ೧೦೪೩ರ ಹಿಂದಿನ ‘ಶಕ’ ಎಂಬ ಪದ ಯಾವ ದಿನ ಹೋಯಿತೆಂಬುದನ್ನು ಎರಡು ನಿಮಿಷದಲ್ಲಿ ಕಂಡು ಆ ಸಾಲನ್ನು ಹಿಂದಕ್ಕೆ ತರಬಹುದು.

೪. ಕೆಲಸವನ್ನು ಗಡಿಯಾರಕ್ಕೆ ವಹಿಸುವುದು

ನೆನಪಾದಾಗ ಮಾಡುವ ಕೆಲಸ ನೆನಪಿಲ್ಲದಾಗ ನಿಂತುಹೋಗುತ್ತದೆ. ಪರೀಕ್ಷೆಯ ವಾರದಲ್ಲಿ ಯಾರು ಪ್ರತಿ ಮಾಡುತ್ತಾರೆ? ಕೆಲಸ ಹೆಚ್ಚಿರುವ ವಾರದಲ್ಲಿಯೇ ಕೇಡಿನ ಸಂಭವವೂ ಹೆಚ್ಚು. ಆದುದರಿಂದ ಇದನ್ನು ಮನುಷ್ಯನ ಸಂಕಲ್ಪಕ್ಕೆ ಬಿಡದೆ ಗಡಿಯಾರಕ್ಕೆ ಒಪ್ಪಿಸಬೇಕು.

ಅದಕ್ಕೆ ಬೇಕಾದದ್ದು ಒಂದು ಚಿಕ್ಕ ಅಪ್ಪಣೆಪಟ್ಟಿ. ಅದರ ಹಂತಗಳು ಹೀಗಿವೆ:

(ಅ) ಏಜೆಂಟಿನ ಫೋಲ್ಡರಿಗೆ ಹೋಗುವುದು.
(ಆ) ‘ಗಿಟ್ ಆ್ಯಡ್’ ಎಂಬ ಅಪ್ಪಣೆಯಿಂದ ಹೊಸದನ್ನೂ ಬದಲಾದುದನ್ನೂ ಅಳಿಸಿಹೋದುದನ್ನೂ ಪಟ್ಟಿಗೆ ಸೇರಿಸುವುದು.
(ಇ) ನಿಜವಾಗಿ ಏನಾದರೂ ಬದಲಾಗಿದೆಯೇ ಎಂದು ನೋಡುವುದು. ಇಲ್ಲದಿದ್ದರೆ ಅಲ್ಲಿಗೇ ಮುಗಿಸುವುದು.
(ಈ) ತಾರೀಖು ಮತ್ತು ವೇಳೆಯನ್ನೇ ಒಕ್ಕಣೆಯಾಗಿ ಕೊಟ್ಟು ‘ಗಿಟ್ ಕಮಿಟ್’ ಮಾಡುವುದು.
(ಉ) ‘ಗಿಟ್ ಪುಶ್’ ಎಂಬುದರಿಂದ ದೂರದ ಸರ್ವರಿನಲ್ಲಿರುವ ಖಾಸಗಿ ಭಂಡಾರಕ್ಕೆ ಕಳಿಸುವುದು.
(ಊ) ಯಾವ ಹಂತದಲ್ಲಾದರೂ ಸೋತರೆ ಒಡೆಯನಿಗೆ ತಿಳಿಸುವುದು.

ಈ ಪಟ್ಟಿಯನ್ನು ವೇಳೆಗೆ ಸರಿಯಾಗಿ ನಡೆಸುವವನು ‘ಕ್ರಾನ್’. ೧೯೭೦ರ ದಶಕದಿಂದ ಯುನಿಕ್ಸ್ ಯಂತ್ರಗಳಲ್ಲಿ ದುಡಿಯುತ್ತಿರುವ ಹಳೆಯ ಆಳು ಇದು. ಅದಕ್ಕೆ ಕೊಡುವ ಸಾಲಿನಲ್ಲಿ ಐದು ಅಂಕಣಗಳು: ನಿಮಿಷ, ಗಂಟೆ, ತಾರೀಖು, ತಿಂಗಳು, ವಾರ. ಮೊದಲ ಎರಡರಲ್ಲಿ ೩೦ ಮತ್ತು ೨ ಎಂದು ಬರೆದು ಉಳಿದ ಮೂರರಲ್ಲಿ ನಕ್ಷತ್ರಚಿಹ್ನೆ ಇಟ್ಟರೆ, ಪ್ರತಿದಿನ ಬೆಳಗಿನ ಜಾವ ಎರಡೂವರೆ ಗಂಟೆಗೆ ಕೆಲಸ ನಡೆಯುತ್ತದೆ.

ಎಷ್ಟು ಹೊತ್ತಿಗೊಮ್ಮೆ ನಡೆಸಬೇಕು? ಇದಕ್ಕೆ ಉತ್ತರ ಗಣಕದಲ್ಲಿಲ್ಲ, ನಮ್ಮಲ್ಲಿದೆ. ಎಷ್ಟು ಹೊತ್ತಿನ ಕೆಲಸವನ್ನು ಮತ್ತೊಮ್ಮೆ ಮಾಡಲು ನಾವು ಸಿದ್ಧರಿದ್ದೇವೆಯೋ ಅಷ್ಟು. ಒಂದು ದಿನದ ಕೆಲಸ ಹೋದರೆ ಚಿಂತೆಯಿಲ್ಲವೆನ್ನುವವರು ದಿನಕ್ಕೊಮ್ಮೆ ನಡೆಸಲಿ. ಏಜೆಂಟು ಹಗಲೆಲ್ಲ ಬರೆಯುತ್ತಿದ್ದರೆ ಗಂಟೆಗೊಮ್ಮೆ ನಡೆಸುವುದು ಲೇಸು.

ಇಲ್ಲಿ ಹೊಸಬರು ಎಡವುವ ಮೂರು ಕಲ್ಲುಗಳನ್ನು ಹೇಳಲೇಬೇಕು. ಒಂದನೆಯದು, ಕೈಯಿಂದ ನಡೆಸಿದಾಗ ಸರಿಯಾಗಿ ನಡೆದ ಪಟ್ಟಿ ಕ್ರಾನ್ ನಡೆಸಿದಾಗ ನಿಲ್ಲುವುದು. ನಾವು ಕುಳಿತು ಕೆಲಸ ಮಾಡುವಾಗ ಗಣಕಕ್ಕೆ ತಿಳಿದಿರುವ ದಾರಿಗಳೂ ಬೀಗದ ಕೈಗಳೂ ಕ್ರಾನಿಗೆ ತಿಳಿದಿರುವುದಿಲ್ಲ. ಆದ್ದರಿಂದ ಪ್ರತಿಯೊಂದು ಪ್ರೋಗ್ರಾಮಿನ ಪೂರ್ಣ ವಿಳಾಸವನ್ನೂ, ಪುಶ್ ಮಾಡಲು ಯಾವ ಕೀಲಿಯನ್ನು ಬಳಸಬೇಕೆಂಬುದನ್ನೂ ಪಟ್ಟಿಯಲ್ಲಿಯೇ ಬರೆಯಬೇಕು. ಎರಡನೆಯದು, ಎರಡೂವರೆ ಗಂಟೆಗೆ ಲ್ಯಾಪ್‌ಟಾಪು ಮುಚ್ಚಿದ್ದರೆ ಕ್ರಾನ್ ಆ ಸರದಿಯನ್ನು ಬಿಟ್ಟೇಬಿಡುತ್ತದೆ, ಮತ್ತೆ ಮಾಡುವುದಿಲ್ಲ. ಸದಾ ಉರಿಯದ ಯಂತ್ರಗಳಿಗೆ ‘ಅನಾಕ್ರಾನ್’ ಅಥವಾ ತಪ್ಪಿದ ಸರದಿಯನ್ನು ಎದ್ದೊಡನೆ ನಡೆಸುವಂತೆ ಹೊಂದಿಸಿದ ‘ಸಿಸ್ಟಮ್‌ಡಿ ಟೈಮರ್’ ಮೇಲು; ವಿಂಡೋಸಿನವರಿಗೆ ‘ಟಾಸ್ಕ್ ಶೆಡ್ಯೂಲರ್’ ಇದೆ. ಮೂರನೆಯದು, ಒಂದು ಸರದಿ ಮುಗಿಯುವ ಮೊದಲೇ ಇನ್ನೊಂದು ಶುರುವಾಗಿ ಎರಡೂ ತಿಕ್ಕಾಡುವುದು. ಒಂದು ನಡೆಯುತ್ತಿರುವಾಗ ಇನ್ನೊಂದನ್ನು ಬಾಗಿಲಲ್ಲಿಯೇ ತಡೆಯುವ ‘ಫ್ಲಾಕ್’ ಎಂಬ ಅಗಳಿಯನ್ನು ಹಾಕಿದರೆ ಈ ತೊಂದರೆ ಇಲ್ಲ.

೫. ಭಂಡಾರಕ್ಕೆ ಹೋಗಬಾರದ ವಸ್ತುಗಳು

ಚರಿತ್ರೆಯನ್ನು ಮರೆಯದ ಭಂಡಾರಕ್ಕೆ ಒಂದು ದೋಷವೂ ಉಂಟು. ಅದು ಮರೆಯಬೇಕಾದುದನ್ನೂ ಮರೆಯುವುದಿಲ್ಲ.

ಏಜೆಂಟಿನ ಫೋಲ್ಡರಿನ ಸುತ್ತಮುತ್ತ ಗುಪ್ತಪದಗಳೂ ಹಣ ಕೊಟ್ಟು ಪಡೆದ ಸೇವೆಗಳ ಕೀಲಿಗಳೂ ಇರುತ್ತವೆ. ‘ಎಲ್ಲವನ್ನೂ ಸೇರಿಸು’ ಎಂದು ಯಂತ್ರಕ್ಕೆ ಹೇಳಿದರೆ ಅದು ಎಲ್ಲವನ್ನೂ ಸೇರಿಸಿಯೇ ತೀರುತ್ತದೆ. ಜಪಾನಿನ ಟೊಯೋಟ ಸಂಸ್ಥೆ ೨೦೨೨ರ ಅಕ್ಟೋಬರಿನಲ್ಲಿ ಒಂದು ಪ್ರಕಟಣೆ ಹೊರಡಿಸಿತು. ಅದರ ಕೆಲಸ ಮಾಡುತ್ತಿದ್ದ ಗುತ್ತಿಗೆದಾರರಿಂದಾಗಿ ಪ್ರೋಗ್ರಾಮಿನ ಒಂದು ಭಾಗ ‘ಗಿಟ್‌ಹಬ್’ ತಾಣದಲ್ಲಿ ೨೦೧೭ರ ಡಿಸೆಂಬರಿನಿಂದ ಸುಮಾರು ಐದು ವರ್ಷ ಬಹಿರಂಗವಾಗಿ ಬಿದ್ದಿತ್ತೆಂದೂ, ಅದರೊಳಗೆ ದತ್ತಸರ್ವರಿನ ಕೀಲಿಯಿತ್ತೆಂದೂ, ೨,೯೬,೦೧೯ ಗ್ರಾಹಕರ ಮಿಂಚಂಚೆ ವಿಳಾಸಗಳು ಹೊರಹೋಗಿರುವ ಸಂಭವವಿದೆಯೆಂದೂ ಅದರಲ್ಲಿತ್ತು. ಐದು ವರ್ಷ ಯಾರೂ ಗಮನಿಸದಿದ್ದುದೇ ಇಲ್ಲಿ ಪಾಠ.

ಇದಕ್ಕೆ ಮಾಡಬೇಕಾದುದು ಇಷ್ಟು. ಮೊದಲನೆಯ ಕಮಿಟ್ಟಿಗೆ ಮುಂಚೆಯೇ ‘ಗಿಟ್‌ಇಗ್ನೋರ್’ ಎಂಬ ಕಡತದಲ್ಲಿ ಬಹಿಷ್ಕೃತ ವಸ್ತುಗಳ ಪಟ್ಟಿ ಬರೆಯಬೇಕು. ಕೀಲಿಗಳನ್ನು ಆ ಫೋಲ್ಡರಿನ ಹೊರಗೇ ಇಡುವುದು ಇನ್ನೂ ಒಳ್ಳೆಯದು. ‘ಗಿಟ್‌ಲೀಕ್ಸ್’ನಂತಹ ಪರೀಕ್ಷಕವನ್ನು ಕಮಿಟ್ಟಿನ ಬಾಗಿಲಲ್ಲಿ ನಿಲ್ಲಿಸಿದರೆ, ಕೀಲಿಯಂತೆ ಕಾಣುವ ಬರಹವನ್ನು ಅದು ತಡೆಯುತ್ತದೆ. ಇಷ್ಟಾಗಿಯೂ ಒಂದು ಕೀಲಿ ಒಳಹೊಕ್ಕರೆ, ಮರುದಿನ ಅಳಿಸಿದ ಮಾತ್ರಕ್ಕೆ ಅದು ಹೋಗುವುದಿಲ್ಲ. ಹಿಂದಿನ ಕಮಿಟ್ಟಿನಲ್ಲಿ ಕುಳಿತೇ ಇರುತ್ತದೆ. ಮೊದಲು ಆ ಕೀಲಿಯನ್ನು ರದ್ದುಮಾಡಿ ಹೊಸದನ್ನು ಪಡೆಯಬೇಕು, ಆಮೇಲೆ ಚರಿತ್ರೆಯನ್ನು ತೊಳೆಯುವ ಮಾತು. ಬೀಗ ಬದಲಿಸದೆ ಕಳುವಾದ ಕೀಲಿಯನ್ನು ಹುಡುಕುತ್ತ ಕೂರುವುದು ಜಾಣತನವಲ್ಲ.

ಗಾತ್ರದ ವಸ್ತುಗಳೂ ಬೇಡ. ಗಿಟ್‌ಹಬ್ ೧೦೦ ಮೆಗಾಬೈಟಿಗಿಂತ ದೊಡ್ಡ ಕಡತವನ್ನು ಸಾಮಾನ್ಯ ಭಂಡಾರಕ್ಕೆ ತೆಗೆದುಕೊಳ್ಳುವುದೇ ಇಲ್ಲ. ಚಿತ್ರ, ಧ್ವನಿಮುದ್ರಣಗಳಲ್ಲಿ ಸಾಲಿಗೆ ಸಾಲು ಪಾಠಾಂತರ ನೋಡಲಾಗುವುದಿಲ್ಲ. ಅವನ್ನು ಬೇರೆ ಕಡೆ ಪ್ರತಿ ಮಾಡಬೇಕು. ಬರೆಯುತ್ತಿರುವ ದತ್ತಕೋಶವನ್ನು ಹಾಗೆಯೇ ಎತ್ತಿಕೊಂಡರೆ ಅರ್ಧ ಬರೆದ ವಾಕ್ಯವನ್ನು ನಕಲು ಮಾಡಿದಂತೆ. ಮೊದಲು ಅದನ್ನು ಬರಹರೂಪಕ್ಕೆ ಇಳಿಸಿ ಅನಂತರ ಸೇರಿಸಬೇಕು.

ಇನ್ನೊಂದು ಮಾತು ಧರ್ಮಕ್ಕೆ ಸಂಬಂಧಿಸಿದ್ದು. ಏಜೆಂಟಿನ ದಿನಚರಿಯಲ್ಲಿ ಒಡೆಯನ ಮಾತಷ್ಟೇ ಇರುವುದಿಲ್ಲ. ಅವನಿಗೆ ಪತ್ರ ಬರೆದವರ, ಅವನೊಡನೆ ಕಷ್ಟಸುಖ ಹೇಳಿಕೊಂಡವರ ಮಾತೂ ಇರುತ್ತದೆ. ಅವರು ನಮ್ಮ ಭಂಡಾರಕ್ಕೆ ಒಪ್ಪಿಗೆ ಕೊಟ್ಟವರಲ್ಲ. ಭಂಡಾರ ಖಾಸಗಿಯಾಗಿರಬೇಕೆಂಬುದು ಇದಕ್ಕಾಗಿಯೂ ಮುಖ್ಯ. ಉಳಿಸುವುದೆಷ್ಟು ಕರ್ತವ್ಯವೋ ಉಳಿಸಬಾರದ್ದನ್ನು ಮೊದಲೇ ಬರೆಯದಿರುವುದೂ ಅಷ್ಟೇ ಕರ್ತವ್ಯ.

೬. ಲೇಖನಿಯೂ ಲೆಕ್ಕಪರಿಶೋಧನೆಯೂ ಒಂದೇ ಕೈಯಲ್ಲಿರಬಾರದು

“ಏಜೆಂಟು ಇಷ್ಟೆಲ್ಲ ಬಲ್ಲದಷ್ಟೆ, ತನ್ನ ಕಡತಗಳ ಪ್ರತಿಯನ್ನೂ ಅದೇ ಮಾಡಿಕೊಳ್ಳಲಿ” ಎಂದು ಕೆಲವರು ಕೇಳಬಹುದು. ಪ್ರಶ್ನೆ ಸಹಜವಾದದ್ದೆ. ಆದರೆ ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವ ಗುಮಾಸ್ತನೇ ಲೆಕ್ಕಪರಿಶೋಧಕನೂ ಆಗುವುದನ್ನು ಯಾರಾದರೂ ಒಪ್ಪುತ್ತಾರೆಯೆ? ಗುಮಾಸ್ತ ಅಪ್ರಾಮಾಣಿಕನೆಂದು ಇದರ ಅರ್ಥವಲ್ಲ. ಪ್ರಾಮಾಣಿಕನ ತಪ್ಪೂ ಅವನ ಕಣ್ಣಿಗೆ ಬೀಳದಿರಬಹುದೆಂದು ಅರ್ಥ. ಏಜೆಂಟಿಗೆ ಅಳಿಸುವ ಅಧಿಕಾರವೂ ಇದ್ದು, ಪ್ರತಿಯ ಮೇಲೆ ಪೂರ್ಣಾಧಿಕಾರವೂ ಇದ್ದರೆ, ಒಂದೇ ತಪ್ಪು ಅಪ್ಪಣೆ ಎರಡನ್ನೂ ನುಂಗಬಲ್ಲದು.

ಆದುದರಿಂದ ಪ್ರತಿ ಮಾಡುವ ಕೆಲಸ ಏಜೆಂಟಿನ ವಿವೇಚನೆಗೆ ಸೇರದೆ ಕ್ರಾನಿನಂತಹ ಬುದ್ಧಿಯಿಲ್ಲದ ಆಳಿಗೆ ಸೇರಬೇಕು. ಇಲ್ಲಿ ಬುದ್ಧಿಯಿಲ್ಲದಿರುವುದೇ ಗುಣ. ಪುಶ್ ಮಾಡಲು ಕೊಡುವ ಕೀಲಿ ಆ ಒಂದೇ ಭಂಡಾರವನ್ನು ತೆರೆಯುವಂತಿರಬೇಕು. ಸಾಧ್ಯವಾದರೆ ಏಜೆಂಟು ನಡೆಯುವ ಬಳಕೆದಾರನ ಹೆಸರಿಗೆ ಆ ಕೀಲಿ ಕಾಣದಂತೆ ಇಡಬೇಕು. ಸರ್ವರಿನಲ್ಲಿ, ಹಳೆಯ ಚರಿತ್ರೆಯನ್ನು ಬಲವಂತವಾಗಿ ಒರಸಿ ಹೊಸದನ್ನು ಹೇರುವ ‘ಫೋರ್ಸ್ ಪುಶ್’ ಎಂಬುದನ್ನು ನಿಷೇಧಿಸಬೇಕು.

ಅಷ್ಟಾದರೂ ಸರ್ವರಿನಲ್ಲಿರುವುದು ಒಂದೇ ಪ್ರತಿ ಎಂಬುದನ್ನು ಮರೆಯಬಾರದು. ಛಾಯಾಗ್ರಾಹಕ ಪೀಟರ್ ಕ್ರೋಘ್ ಪ್ರಚಾರಕ್ಕೆ ತಂದ ಒಂದು ಸೂತ್ರವಿದೆ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಊರಿನಲ್ಲಿ. ಗಿಟ್ಟಿನಲ್ಲಿ ಪ್ರತಿಯೊಂದು ‘ಕ್ಲೋನ್’ ಕೂಡ ಪೂರ್ಣ ಚರಿತ್ರೆಯನ್ನು ಹೊತ್ತಿರುವುದರಿಂದ ಇದು ಸುಲಭ. ಇನ್ನೊಂದು ಯಂತ್ರ ವಾರಕ್ಕೊಮ್ಮೆ ತಾನಾಗಿ ಬಂದು ಭಂಡಾರವನ್ನು ಎಳೆದುಕೊಂಡು ಹೋಗುವಂತೆ ಮಾಡಿದರೆ, ಆ ಯಂತ್ರದ ಕೀಲಿ ಏಜೆಂಟಿಗೆ ಗೊತ್ತೇ ಇರುವುದಿಲ್ಲ.

೭. ಪರೀಕ್ಷಿಸದ ಪ್ರತಿ ಪ್ರತಿಯಲ್ಲ

ತಾನಾಗಿ ನಡೆಯುವ ವ್ಯವಸ್ಥೆಗೆ ತಾನಾಗಿ ನಿಲ್ಲುವ ಗುಣವೂ ಇದೆ. ನಿಂತದ್ದು ಯಾರಿಗೂ ತಿಳಿಯುವುದಿಲ್ಲ. ಇದಕ್ಕೆ ೨೦೧೭ರ ಜನವರಿ ೩೧ರಂದು ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ ನಡೆದುದನ್ನು ಮೀರಿದ ಉದಾಹರಣೆ ಸಿಕ್ಕದು. ಸಾವಿರಾರು ಜನರ ಗಿಟ್ ಭಂಡಾರಗಳನ್ನು ಕಾಪಾಡುವುದೇ ಆ ಸಂಸ್ಥೆಯ ವೃತ್ತಿ. ಅಂದು ರಾತ್ರಿ ಒಬ್ಬ ಎಂಜಿನಿಯರು, ಪೂರಕ ದತ್ತಕೋಶವೆಂದು ತಿಳಿದು ಮುಖ್ಯ ದತ್ತಕೋಶದ ಫೋಲ್ಡರನ್ನೇ ಅಳಿಸತೊಡಗಿದರು. ತಡೆಯುವ ವೇಳೆಗೆ ಸುಮಾರು ೩೦೦ ಗಿಗಾಬೈಟಿನಲ್ಲಿ ನಾಲ್ಕೂವರೆ ಗಿಗಾಬೈಟ್ ಮಾತ್ರ ಉಳಿದಿತ್ತು. ಪ್ರತಿ ಮಾಡಲು ಅವರಲ್ಲಿ ಐದು ವಿಧಾನಗಳಿದ್ದವು. ಆ ಹೊತ್ತಿಗೆ ಒಂದೂ ನಂಬುವಂತಿರಲಿಲ್ಲ. ದಿನವೂ ನಡೆಯಬೇಕಿದ್ದ ಪ್ರತಿಕಾರ್ಯ, ತಂತ್ರಾಂಶದ ಆವೃತ್ತಿ ಹೊಂದದೆ, ಪ್ರತಿ ಸಲವೂ ಸೋಲುತ್ತಿತ್ತು. ಸೋಲಿನ ಸುದ್ದಿ ತಿಳಿಸುವ ಮಿಂಚಂಚೆಗಳನ್ನು ಅಂಚೆ ಸರ್ವರು ತಿರಸ್ಕರಿಸುತ್ತಿತ್ತು. ಬೇರೊಂದು ಉದ್ದೇಶಕ್ಕೆ ಆರು ಗಂಟೆ ಮೊದಲು ಕೈಯಿಂದ ತೆಗೆದಿಟ್ಟ ಒಂದು ಪ್ರತಿ ಅವರನ್ನು ಉಳಿಸಿತು. ಗಿಟ್ ಭಂಡಾರಗಳಿಗೆ ಧಕ್ಕೆಯಾಗದಿದ್ದರೂ, ಆ ಆರು ಗಂಟೆಗಳಲ್ಲಿ ದತ್ತಕೋಶಕ್ಕೆ ಸೇರಿದ್ದ ಟಿಪ್ಪಣಿಗಳು, ಹೊಸ ಯೋಜನೆಗಳು, ಹೊಸ ಖಾತೆಗಳು ಹಿಂದಿರುಗಲಿಲ್ಲ. ಸಂಸ್ಥೆ ಇದೆಲ್ಲವನ್ನೂ ಮುಚ್ಚಿಡದೆ ಪ್ರಕಟಿಸಿದ್ದರಿಂದಲೇ ನಾವಿಂದು ಅದರಿಂದ ಕಲಿಯಬಲ್ಲೆವು.

ಇದರಿಂದ ಎರಡು ಅಭ್ಯಾಸಗಳನ್ನು ಕಲಿಯಬೇಕು. ಒಂದು, ಕಾವಲುಗಾರನ ಮೌನವನ್ನು ಕ್ಷೇಮಸಮಾಚಾರವೆಂದು ಭಾವಿಸಬಾರದು. ರಾತ್ರಿ ಗಸ್ತಿನ ಪೋಲೀಸಿನವನು ಬೀದಿಬೀದಿಯ ಬೀಟ್ ಪುಸ್ತಕಕ್ಕೆ ರುಜು ಹಾಕಬೇಕೆಂಬ ನಿಯಮ ಏತಕ್ಕಿದೆ? ಕಳ್ಳನು ಬರದ ದಿನವೂ ಅವನು ಬಂದಿದ್ದನೆಂದು ತಿಳಿಯಲಿ ಎಂದು. ಹಾಗೆಯೇ ನಮ್ಮ ಅಪ್ಪಣೆಪಟ್ಟಿಯೂ, ಏನೂ ಬದಲಾಗದ ದಿನ ಕೂಡ, ಒಂದು ಚಿಕ್ಕ ಕಡತದಲ್ಲಿ ಅಂದಿನ ವೇಳೆಯನ್ನು ಬರೆದು ಪುಶ್ ಮಾಡಲಿ. ಮೇಲಿನ (ಆ) ಹಂತಕ್ಕಿಂತ ಮೊದಲು ಈ ರುಜುವನ್ನು ಸೇರಿಸಿದರೆ ಸಾಕು. ಆಗ ಬರಿಗೈಯಲ್ಲಿ ಹಿಂದಿರುಗುವ ಸರದಿಯೇ ಇರುವುದಿಲ್ಲ. ಎರಡು ದಿನ ರುಜು ಕಾಣದಿದ್ದರೆ ಇನ್ನೊಂದು ಯಂತ್ರ ನಮ್ಮನ್ನು ಎಚ್ಚರಿಸಲಿ.

ಎರಡು, ತಿಂಗಳಿಗೊಮ್ಮೆ ಪುನಃಸ್ಥಾಪನೆಯ ಅಭ್ಯಾಸ ಮಾಡಬೇಕು. ಬೇರೊಂದು ಖಾಲಿ ಫೋಲ್ಡರಿಗೆ ಭಂಡಾರವನ್ನು ‘ಕ್ಲೋನ್’ ಮಾಡಿ, ‘ಗಿಟ್ ಎಫ್‌ಎಸ್‌ಸಿಕೆ’ ಎಂಬ ಅಪ್ಪಣೆಯಿಂದ ಅದರ ಅಂಗಾಂಗಗಳು ಸರಿಯಾಗಿವೆಯೇ ಎಂದು ನೋಡಿ, ಆ ಕಡತಗಳ ಆಧಾರದ ಮೇಲೆ ಏಜೆಂಟನ್ನು ಎಬ್ಬಿಸಿ, ಹಿಂದಿನ ತಿಂಗಳು ಒಪ್ಪಿದ ನಿಯಮವೊಂದನ್ನು ಕೇಳಬೇಕು. ಸರಿಯಾದ ಉತ್ತರ ಬಂದರೆ ನಮ್ಮಲ್ಲಿ ಪ್ರತಿಯಿದೆ. ಬಾರದಿದ್ದರೆ ನಮ್ಮಲ್ಲಿದ್ದುದು ಪ್ರತಿಯಿದೆಯೆಂಬ ನಂಬಿಕೆ ಮಾತ್ರ.

೮. ಉಪಸಂಹಾರ

ಮೇಲೆ ಹೇಳಿದ ಏರ್ಪಾಡನ್ನೆಲ್ಲ ಮಾಡಲು ಒಂದು ಮಧ್ಯಾಹ್ನ ಸಾಕು. ಪಟ್ಟಿ ಬರೆಯುವುದು, ಗಡಿಯಾರಕ್ಕೆ ವಹಿಸುವುದು, ಕೀಲಿಗಳನ್ನು ಹೊರಗಿಡುವುದು, ಇವು ಒಂದು ಸಲ ಮಾಡಿ ಮುಗಿಸಬಹುದಾದ ಕೆಲಸಗಳು. ಮುಗಿಯದ ಕೆಲಸ ಒಂದೇ, ಅದು ಓದುವುದು. ವಾರಕ್ಕೊಮ್ಮೆಯಾದರೂ ‘ಗಿಟ್ ಡಿಫ್’ ತೆರೆದು, ನಮ್ಮ ಹೆಸರಿನಲ್ಲಿ ನಮ್ಮ ಏಜೆಂಟು ಏನೇನು ಬರೆದಿದೆ, ಯಾವುದನ್ನು ಕೈಬಿಟ್ಟಿದೆ ಎಂದು ನೋಡಬೇಕು. ಯಂತ್ರವು ಚರಿತ್ರೆಯನ್ನು ಕೂಡಿಟ್ಟೀತು. ಅದರಲ್ಲಿ ಯಾವ ಪಾಠ ಸರಿ, ಯಾವುದು ತಪ್ಪು ಎಂದು ತೀರ್ಮಾನಿಸುವ ಭಾರ ಅದರದಲ್ಲ.

ಮುಂದೆ ನಮ್ಮಲ್ಲಿ ಅನೇಕರ ಟಿಪ್ಪಣಿ, ಪಟ್ಟಿ, ಪ್ರಬಂಧದ ಕರಡುಗಳು ಇಂತಹ ಯಂತ್ರಸಹಾಯಕಗಳ ಕೈಯಿಂದಲೇ ಹಾದುಬರುವುವು. ಆಗ ಅಧ್ಯಾಪಕರು, “ಈ ತೇದಿ ನಿನಗೆ ಎಲ್ಲಿಂದ ಬಂದಿತಪ್ಪ?” ಎಂದು ಕೇಳಿದರೆ, “ಯಂತ್ರ ಹೇಳಿತು, ಸಾರ್” ಎಂಬುದು ಉತ್ತರವಾಗಲಾರದು. ಇಂಥ ದಿನ ಬದಲಾಯಿತು, ಬದಲಾಗುವ ಮುಂಚೆ ಹೀಗಿತ್ತು, ಬದಲಾವಣೆಯನ್ನು ಒಪ್ಪಿದವನು ನಾನು ಎಂದು ಹೇಳಬಲ್ಲವನೇ ತನ್ನ ಬರಹಕ್ಕೆ ಹೊಣೆಗಾರ. ಆ ಮಾತನ್ನು ಹೇಳಲು ಬೇಕಾದ ಆಧಾರವನ್ನು ದಿನದಿನವೂ ತಾನಾಗಿ ಕೂಡಿಡುವುದೇ ಈ ವಿಧಾನದ ಪ್ರಯೋಜನ.